ಮೂಳೆ ಯಾರದು?

ಕಿದ್ವಾಯಿ ನಗರದ ಮೂಳೆ ಡಾಕ್ಟರ್ ಪದ್ಮಾ ಅವರ ಮುಂದೆ "ನೀವು ಹೇಳಿದ ಹಾಗೆ" ಎಂದು ತಲೆಯಾಡಿಸಿ ಪಾರಾಗಲು ಯಾರಿಂದಲೂ ಆಗುವುದಿಲ್ಲ. ಹೆಂಡತಿಯ ಬದಲು ಗಂಡ ಉತ್ತರಿಸಿದರೆ, "ಅಚ್ಛಾ, ಮೂಳೆ ಯಾರದು?" ಎನ್ನುತ್ತಾರೆ. ಆಮೇಲೆ ಹೊರಗಿನ ಸಾಲು ಮೆಟ್ರೋ ಸ್ಟೇಷನ್ ಮುಟ್ಟಿದರೂ, ರೋಗಿ ಬಾಯಿಬಿಡುವ ತನಕ ಕೈಕಟ್ಟಿ ಕೂರುತ್ತಾರೆ. ಫರೀದಾಬಾದಿನಲ್ಲಿ ಹೋಟೆಲು ನಡೆಸುವ ನಮ್ಮ ಜಲಜಾಕ್ಷಿ ದೊಡ್ಡಮ್ಮನ ಬೆನ್ನುಮೂಳೆ ಟೊಳ್ಳಾಗಿ ಬಿರುಕುಬಿಟ್ಟಿತ್ತು. ಇನ್ನೊಮ್ಮೆ ಮುರಿದರೆ ಒಲೆಯ ಮುಂದೆ ನಿಲ್ಲುವುದೇ ಕಷ್ಟ. ವಾರಕ್ಕೊಂದು ಮಾತ್ರೆ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದಿತ್ತು. ದೊಡ್ಡಮ್ಮ ಮರೆತು ಚಟ್ನಿಯ ರುಚಿ ನೋಡಿಬಿಡುತ್ತಿದ್ದರು. ಡಾಕ್ಟರು ಬೈಯಲಿಲ್ಲ, ವರ್ಷಕ್ಕೊಂದು ಇಂಜೆಕ್ಷನ್ ಕೂಡ ಇದೆಯೆಂದು ಎರಡರ ಲಾಭ, ತೊಂದರೆಗಳನ್ನೂ ಬಿಡಿಸಿ ಹೇಳಿದರು. "ನೀವಾದ್ರೆ ಯಾವುದು?" ಎಂದರು ದೊಡ್ಡಮ್ಮ. "ಇಂಜೆಕ್ಷನ್. ಆದರೆ ಹೋಟೆಲು ನಡೆಸೋರು ನಾನಲ್ಲವಲ್ಲ!" ದೊಡ್ಡಮ್ಮ ಬೆರಳು ಮಡಚಿ ವಾರದ ದಿನಗಳನ್ನು ಎಣಿಸಿದರು. "ನಂಗೆ ಸೂಜಿ ಆಗುದಿಲ್ಲ ಮಾರಾಯ್ರೆ. ಸೋಮವಾರ ಹೋಟೆಲಿಗೆ ರಜೆ, ಚಟ್ನಿಯೇ ಇಲ್ಲ. ಅವತ್ತು ಮಾತ್ರೆ ತಗೊಳ್ತೇನೆ." ಡಾಕ್ಟರ ಮುಖ ಅರಳಿತು. "ಚಲೋ, ಇದು ನನಗೆ ಹೊಳೆದೇ ಇರಲಿಲ್ಲ!" ತಮ್ಮ ಆಯ್ಕೆ ಸೋತದ್ದಕ್ಕೆ ಅಷ್ಟು ಖುಷಿಪಟ್ಟ ಡಾಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ.