ಕೆಂಪು ಪೆನ್ನಮ್ಮನ ಮೂರು ಸಾಲು

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಅರ್ಧಕ್ಕೆ ತೊಳೆದಿಟ್ಟ ಪಾತ್ರೆಗಳು, ಇನ್ನರ್ಧಕ್ಕೆ ಕರಡಚ್ಚಿನ ಹಾಳೆಗಳು. ಅರವತ್ತೆಂಟರ ಕವಯಿತ್ರಿ ಸ್ಟೂಲಿನ ಮೇಲೆ ಕೂತು ತಮ್ಮ ಸಮಗ್ರ ಕಾವ್ಯದ ತಪ್ಪು ತಿದ್ದುತ್ತಿದ್ದಾರೆ. ನೂರ ಹನ್ನೆರಡನೆಯ ಪುಟದವರೆಗೆ ಪೆನ್ನು ಸರಾಗ ಓಡುತ್ತದೆ, ಅಲ್ಲಿಗೆ ಬಂದು ನಿಂತುಬಿಡುತ್ತದೆ. ಹದಿನೈದು ದಿನದಿಂದ ಇದೇ ಪಾಡು. ಪ್ರಕಾಶಕರು ದಿನಕ್ಕೆರಡು ಸಲ ಫೋನು ಮಾಡುತ್ತಾರೆ, ಇವರು ಎತ್ತುವುದಿಲ್ಲ.

ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಸಾಹಿತ್ಯ ಪಾಠ ಮಾಡಿದವರು. ವಾರಕ್ಕೆ ಹದಿನಾರು ತರಗತಿ, ವರ್ಷಕ್ಕೆ ಐನೂರು ಚಿಲ್ಲರೆ ಉತ್ತರಪತ್ರಿಕೆ. ಅದರ ನಡುವೆಯೇ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಐದು ಕಾದಂಬರಿ, ನಾಲ್ಕು ಕವನ ಸಂಕಲನ. ಬರೆದದ್ದೆಲ್ಲ ಇದೇ ಮೇಜಿನ ಮೇಲೆ, ಐದರಿಂದ ಏಳರವರೆಗೆ, ದಿನಕ್ಕೊಂದು ಪುಟ. "ಕುಕ್ಕರ್ ಕೂಗಿದ್ರೆ ಅಧ್ಯಾಯ ಮುಗೀತು ಅಂತ," ಎಂದು ನಗುತ್ತಾರೆ.

ಕಾದಂಬರಿಗಳು ಇನ್ನೂ ಮೊದಲ ಮುದ್ರಣದಲ್ಲೇ ಕೂತಿವೆ. ಸಭೆಗಳಲ್ಲಿ ಇವರ ಪಾಲಿಗೆ ಬಂದದ್ದು ಹೆಚ್ಚಾಗಿ ಸ್ವಾಗತ ಭಾಷಣ. ನಾಲ್ಕು ಜನಕ್ಕೆ ಗೊತ್ತಿರುವುದು ಒಂದೇ ಪದ್ಯ, ಆ ನೂರ ಹನ್ನೆರಡನೆಯ ಪುಟದ್ದು. ಅದು ಶಾಲೆಯ ಪಠ್ಯದಲ್ಲಿದೆ. ಅದರಲ್ಲೂ ಎಲ್ಲರ ಬಾಯಲ್ಲಿ ಉಳಿದದ್ದು ಕೊನೆಯ ಮೂರು ಸಾಲು:

ಅಮ್ಮ ಅತ್ತದ್ದು ನಾ ಕಂಡಿಲ್ಲ,
ಒಗೆದ ಬಟ್ಟೆ ಹಿಂಡುವಾಗ ಮಾತ್ರ
ಒಂದು ಸುತ್ತು ಹೆಚ್ಚು ಹಿಂಡುತ್ತಿದ್ದಳು.

ವಿದ್ಯಾರ್ಥಿಗಳು ಇವರಿಗಿಟ್ಟ ಹೆಸರು ಕೆಂಪು ಪೆನ್ನಮ್ಮ. ಒಂದು ಕೊಂಬು ತಪ್ಪಿದರೂ ಬಿಡುತ್ತಿರಲಿಲ್ಲ. ಬೇರೆ ಪುಸ್ತಕದಿಂದ ಎತ್ತಿ ಬರೆದವರ ಗತಿಯಂತೂ ಕೇಳುವುದೇ ಬೇಡ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಒಳಗೊಳಗೇ ಬೀಗುತ್ತಿದ್ದರಂತೆ. ಈಗ ಅದನ್ನು ಹೇಳುವಾಗ ತಲೆ ಎತ್ತುವುದಿಲ್ಲ.

ಕಳೆದ ತಿಂಗಳು ಹಳೆಯ ಕೈಬರಹ ಹುಡುಕಲು ಕಪಾಟು ತೆರೆದರು. ತಿದ್ದಿದ್ದನ್ನು ತರಗತಿಯಲ್ಲಿ ತೋರಿಸಿದ ಮೇಲೂ ಯಾರೂ ವಾಪಸು ಒಯ್ಯದೆ ಉಳಿದ ನಿಬಂಧದ ಪುಸ್ತಕಗಳ ಕಟ್ಟೊಂದು ಸಿಕ್ಕಿತು, ಇಪ್ಪತ್ತೇಳು ವರ್ಷದ ಹಿಂದಿನದು. ಅದರಲ್ಲೊಂದು, ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಹುಡುಗಿಯದು. ತಾಯಿಯ ಬಗ್ಗೆ ಬರೆದ ನಿಬಂಧದ ಕೊನೆಗೆ ಅವೇ ಮೂರು ಸಾಲು, ಒಂದಕ್ಷರವೂ ಬದಲಿಲ್ಲ. ಪಕ್ಕದಲ್ಲಿ ಇವರದೇ ಕೆಂಪು ಬರಹ: 'ಇದು ನಿನ್ನದಲ್ಲ. ಎಲ್ಲಿಂದ ಕದ್ದೆ?' ಇವರ ಪದ್ಯ ಅಚ್ಚಾದದ್ದು ಅದಾಗಿ ಆರು ವರ್ಷಕ್ಕೆ.

"ಬೇಕೂಂತ ಮಾಡಿದ್ದಲ್ಲ. ಒಂದು ಬೆಳಗ್ಗೆ ಸಾಲು ತಾನಾಗೇ ಬಂತು, ನನ್ನದೇ ಅನ್ಕೊಂಡೆ. ನಮ್ಮಮ್ಮನ್ನ ನೆನೆಸ್ಕೊಂಡು ಬರ್ದೆ ಅಂತ ಎಷ್ಟು ಸಭೇಲಿ ಹೇಳಿ ಚಪ್ಪಾಳೆ ಗಿಟ್ಟಿಸಿದೀನೋ! ನಮ್ಮಮ್ಮ ಬಟ್ಟೇನೇ ಹಿಂಡ್ತಿರ್ಲಿಲ್ಲ ಕಣ್ರೀ. ಒಗೆಯೋಕೆ ಕೆಲಸದವಳು ಬರ್ತಿದ್ಲು."

ಪ್ರಕಾಶಕರಿಗೆ ಹೇಳಿದಾಗ ಅವರು ಸಮಾಧಾನ ಮಾಡಿದರು: "ಆ ನೋಟ್‌ಬುಕ್ ಯಾರು ನೋಡ್ತಾರೆ ಮೇಡಂ? ಇರೋದೇ ಒಂದು ಪದ್ಯ, ಅದನ್ನೂ ಕಳ್ಕೋತೀರಾ?" ಆ ಮಾತು ಮೂರು ದಿನ ಹಿತವಾಗಿಯೇ ಇತ್ತು. ಒಲೆಗೆ ಹಾಕಿದರಾಯಿತು ಎಂದು ಆ ನಿಬಂಧದ ಪುಸ್ತಕವನ್ನು ಅಡುಗೆಮನೆಗೂ ತಂದಿದ್ದರು. "ಕದ್ದಿದ್ದಕ್ಕಿಂತ ಈ ಮೂರು ದಿನಕ್ಕೇ ನಂಗೆ ಹೆಚ್ಚು ನಾಚಿಕೆ," ಎನ್ನುತ್ತಾರೆ.

ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಕೇಳಿ ಹುಡುಗಿಯ ಪತ್ತೆಯಾಗಿದೆ. ಆಕೆ ಆಸ್ಪತ್ರೆಯೊಂದರ ಚೀಟಿ ಕೊಡುವ ಕಿಟಕಿಯ ಹಿಂದಿದ್ದಾಳೆ. ದಿನಕ್ಕೆ ಮುನ್ನೂರು ರೋಗಿಗಳು. ಕರಡಚ್ಚು ಬದಿಗಿಟ್ಟು ಅದೇ ಬೆಳಗ್ಗೆ ಹತ್ತು ಗಂಟೆಗೆ ಕವಯಿತ್ರಿ ಅಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ಸರದಿ ಬರುತ್ತದೆ.

"ಹೆಸರು? ವಯಸ್ಸು?" ಎಂದವಳು ತಲೆಯೆತ್ತಿ, ಕೂಡಲೇ ಎದ್ದು ನಿಲ್ಲುತ್ತಾಳೆ. "ಅಯ್ಯೋ ಮೇಡಂ, ಹುಷಾರಿಲ್ವಾ?"

ಕಿಟಕಿಯ ಕಿಂಡಿಯಲ್ಲಿ ನಿಬಂಧದ ಪುಸ್ತಕ ಒಳಗೆ ಹೋಗುತ್ತದೆ. ಆಕೆ ಓದಿ ಮುಚ್ಚುತ್ತಾಳೆ.

"ಗೊತ್ತಿತ್ತು ಮೇಡಂ. ಮಗಳ ಪಾಠದಲ್ಲಿ ನೋಡಿದ್ದೆ. ಇದು ನಾನು ಬರ್ದಿದ್ದು ಕಣೇ ಅಂದೆ. ಬಿದ್ದು ಬಿದ್ದು ನಕ್ಲು. ಈಗ್ಲೂ ನಾನೇನಾದ್ರೂ ಹೇಳೋಕೆ ಹೋದ್ರೆ, ಹೂಂ ಬಿಡು, ಪದ್ಯಾನೂ ನೀನೇ ಬರ್ದಿದ್ದಲ್ವಾ ಅಂತಾಳೆ."

ಕವಯಿತ್ರಿ ಕಿಂಡಿಯತ್ತ ಬಾಗುತ್ತಾರೆ. "ಪುಸ್ತಕದಲ್ಲಿ ನಿನ್ನ ಹೆಸರು ಹಾಕಿಸ್ತೀನಿ ಕಣಮ್ಮ. ಮುನ್ನುಡೀಲಿ ಎಲ್ಲಾ ಬರೀತೀನಿ."

"ಅದು ನಿಮ್ಮಿಷ್ಟ ಮೇಡಂ. ನನ್ನ ಮಗಳಿಗೊಂದು ಮಾತು ಹೇಳ್ತೀರಾ?"

ಹಿಂದಿನವರು ಗೊಣಗಲು ಶುರುಮಾಡಿದ್ದಾರೆ. ಆಕೆ ಚೀಟಿಯ ಹಿಂಬದಿಗೆ ಮನೆಯ ವಿಳಾಸ ಬರೆದುಕೊಡುತ್ತಾಳೆ.

ಭಾನುವಾರ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದ ಹದಿನೈದರ ಹುಡುಗಿ, ಪಠ್ಯದ ಚಿತ್ರದಲ್ಲಿ ಕಂಡ ಮುಖವನ್ನು ಗುರುತಿಸಿ ಗಡಿಬಿಡಿಯಲ್ಲಿ ಕುರ್ಚಿ ಎಳೆದು ಹಾಕುತ್ತಾಳೆ. ಕವಯಿತ್ರಿ ಕೂರುವುದಿಲ್ಲ.

"ನಿಮ್ಮಮ್ಮ ನಿಜಾನೇ ಹೇಳಿದ್ದು ಮಗು. ಆ ಸಾಲು ಅವಳದ್ದು. ಇಷ್ಟು ವರ್ಷ ಸುಳ್ಳು ಹೇಳಿದ್ದು ನಾನು."

ಹುಡುಗಿ ಒಳಗಿನಿಂದ ಬಂದು ನಿಂತ ತಾಯಿಯನ್ನೇ ನೋಡುತ್ತಾಳೆ, ನಗಲು ಹೋದ ಬಾಯಿ ಹಾಗೇ ನಿಂತಿದೆ. ಮೆಲ್ಲಗೆ ಕೇಳುತ್ತಾಳೆ: "ಬೇರೆ ಏನೇನು ಬರ್ದಿದೀಯಮ್ಮಾ? ತೋರ್ಸು."

"ಏನೂ ಇಲ್ಲ ಕಣೇ. ಆಮೇಲೆ ಬರೀಲಿಲ್ಲ."

"ಯಾಕೆ?"

ತಾಯಿ ಒಮ್ಮೆ ಮೇಡಂ ಕಡೆ ನೋಡಿ, ಸೆರಗಿನ ಅಂಚು ಸರಿಮಾಡಿಕೊಂಡು, "ಪುರುಸೊತ್ತಾಗ್ಲಿಲ್ಲ," ಎನ್ನುತ್ತಾಳೆ.

ಕವಯಿತ್ರಿ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಕೆ ಅವರ ಮಾನ ಉಳಿಸಿ ದಾರಿ ಬಿಟ್ಟುಕೊಟ್ಟಾಗಿತ್ತು.

"ಪುರುಸೊತ್ತಲ್ಲ ಮಗು," ಎನ್ನುತ್ತಾರೆ. "ಅವಳು ಮೊದಲನೇ ಸಲ ಬರೆದಾಗ್ಲೇ ನಾನು ಅವಳನ್ನ ಕಳ್ಳಿ ಅಂದಿದ್ದೆ."