ಹರವಿಯ ಬಾಯಿ ತೆರೆದ ದಿನ

ನಾನು ಏಳನೇ ಇಯತ್ತೆವರೆಗೆ ಕಲಿತವನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಹೋದ ವರ್ಷ ಹಾವೇರಿ, ರಾಣೆಬೆನ್ನೂರು ಕಡೆಯ ವ್ಯಾಪಾರಿಗಳ ಜೊತೆ ಜಾರ್ಜಿಯಾ ದೇಶ ನೋಡಲು ಹೋದೆ. ಗುಡ್ಡದ ಇಳುಕಲಿನಲ್ಲೆಲ್ಲ ದ್ರಾಕ್ಷಿ ಬೆಳೆದು ವೈನ್ ಮಾಡುವ ಸೀಮೆ. ತಂಗಿಯನ್ನೂ ಕರೆದುಕೊಂಡು ಹೊರಟೆ. ಎಂಥ ಅಣ್ಣ ಎಂದು ಮಂದಿ ಹೊಗಳಿದರು. ಖರೆ ಎಂದರೆ, ಜೋಳದ ರೊಟ್ಟಿ ಇಲ್ಲದೆ ನನಗೆ ಊಟ ಸೇರುವುದಿಲ್ಲ. ಬಡಿಯಲು ಒಬ್ಬರು ಬೇಕಿತ್ತು. ಹಿಟ್ಟಿನ ಚೀಲವನ್ನೂ ಆಕೆಯೇ ಹೊತ್ತಳು.

ಆಕೆಗೆ ಇದ್ದದ್ದು ಒಂದೇ ಆಸೆ. ಅಲ್ಲಿ ವೈನ್ ತುಂಬಿದ ದೊಡ್ಡ ಮಣ್ಣಿನ ಹರವಿಗಳನ್ನು ನೆಲದಲ್ಲಿ ಹುಗಿದಿಡುತ್ತಾರೆಂದು ಫೋನಿನಲ್ಲಿ ನೋಡಿದ್ದಳು. ಮೋಟೆಬೆನ್ನೂರಿನ ನಮ್ಮ ಮನೆಯ ಮುಂದೆಯೂ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಅದರ ಬಾಯಿ ತೆರೆದಾಗೆಲ್ಲ ಆಕೆ ಬಗ್ಗಿ ವಾಸನೆ ತೆಗೆದುಕೊಳ್ಳುತ್ತಿದ್ದಳು. ಆ ಹರವಿಯ ಬಾಯಿ ತೆರೆಯುವುದನ್ನು ನೋಡಬೇಕೆಂದು ವಿಮಾನದಲ್ಲೂ ಹೇಳಿದಳು.

ನಾವು ಇಳಿದುಕೊಂಡಿದ್ದ ರೈತನ ಮನೆಯಲ್ಲಿ ಹರವಿ ತೆರೆಯುವ ದಿನ ಬಂತು. ಅಂದೇ ಗುಂಪಿನವರಿಗೆಲ್ಲ ರೊಟ್ಟಿ ಬೇಕೆನಿಸಿತು. ನೀನು ಬಡಿಯುತ್ತಿರು, ಬಂದು ಕರೆಯುತ್ತೇನೆ ಎಂದು ತಂಗಿಗೆ ಹೇಳಿ ಅಂಗಳ ದಾಟಿ ಹರವಿ ಇದ್ದಲ್ಲಿಗೆ ಹೋದೆ.

ಅಲ್ಲಿ ಕುಡಿಯುವ ಮೊದಲು ತಮ್ಮವರನ್ನು ನೆನೆದು ನಾಲ್ಕು ಒಳ್ಳೆಯ ಮಾತು ಆಡಬೇಕು. ನನ್ನ ಸರದಿ ಬಂದಾಗ ತಂಗಿಯನ್ನೇ ಹೊಗಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ನಾನು ಎದ್ದು ಹೋಗಿ ಆಕೆಯನ್ನು ಕರೆಯಲಿಲ್ಲ. ಬೆನ್ನ ಹಿಂದಿದ್ದ ಹರವಿಯನ್ನು ನಾನೂ ತಿರುಗಿ ನೋಡಲಿಲ್ಲ. ನೆನಪಾಗುವಷ್ಟರಲ್ಲಿ ಅದನ್ನು ಮುಚ್ಚಿದ್ದರು.

ಬಿಸಿ ರೊಟ್ಟಿ ಹಾಕುತ್ತ ತಂಗಿ ಕೇಳಿದಳು: "ವಾಸನಿ ನಮ್ಮ ಹಗೇವಿನಂಗ ಇತ್ತೇನಣ್ಣ?"

"ಹಂಗ ಇತ್ತವ್ವಾ," ಎಂದೆ.

ಊರಿಗೆ ಬಂದ ಮೇಲೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕುಳಿತು ಆಕೆ ಅದನ್ನೇ ಹೇಳುತ್ತಿದ್ದಳು. ಅಲ್ಲಿಯೂ ನಮ್ಮ ಹಗೇವಿನದೇ ವಾಸನೆಯಂತೆ, ಅಣ್ಣ ಬಗ್ಗಿ ನೋಡಿದ್ದಾನಂತೆ. ಎಷ್ಟು ಸಂತೋಷ ಆಕೆಯ ಮುಖದಲ್ಲಿ. ನನಗೆ ತಡೆಯಲಾಗಲಿಲ್ಲ. ಹೆಂಗಸರು ಮನೆಗೆ ಹೋದ ಮೇಲೆ ಎಲ್ಲ ಹೇಳಿದೆ, ಆಕೆಯನ್ನು ಯಾಕೆ ಕರೆದುಕೊಂಡು ಹೋಗಿದ್ದೆ ಎಂಬುದನ್ನೂ.

ಆಕೆ ಉಳಿದ ಮೆಣಸಿನಕಾಯಿಯ ತೊಟ್ಟನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ, "ಇನ್ನೊಮ್ಮೆ ಹೋಗೂಣು," ಎಂದಳು. "ಆವಾಗ ರೊಟ್ಟಿ ನೀ ಬಡಿ. ನಾ ನೋಡಿ ಬಂದು ನಿನಗ ಹೇಳ್ತೇನಿ, ಖರೇನ ಹೇಳ್ತೇನಿ."

ಈಗ ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ. ಅಂಚು ಹರಿಯುತ್ತದೆ. ತಂಗಿ ನಗುತ್ತಾಳೆ, ಮೊದಲನೆಯದನ್ನು ತಾನೇ ತಿನ್ನುತ್ತಾಳೆ.