ಓ ಪಾಸಿಟಿವ್ ಎಂದುಕೊಂಡಿದ್ದೆವು

ಮೊದಲು ಉಸಿರು ಸಾಲದಾಯಿತು. ಮಹಡಿಗೆ ಬಟ್ಟೆ ಒಣಹಾಕಲು ಹೊರಟವಳು ಅರ್ಧ ಮೆಟ್ಟಿಲಲ್ಲೇ ಕುಳಿತುಬಿಟ್ಟೆ. ಎರಡನೆಯ ಬಸಿರು, ಆರನೆಯ ತಿಂಗಳು. ಉಗುರಿನ ಬುಡ ಸುಣ್ಣದಂತೆ ಬೆಳ್ಳಗಾಗಿತ್ತು. ಹಿಮೋಗ್ಲೋಬಿನ್ ತೀರ ಕಡಿಮೆ, ರಕ್ತ ಕೊಡೋಣ ಎಂದರು ದೊಡ್ಡಬಳ್ಳಾಪುರದ ಡಾಕ್ಟರು. ನನ್ನದು ಓ ಪಾಸಿಟಿವ್. ಮಗಳನ್ನು ಹೆತ್ತಾಗಲೂ ಹಾಗೆಂದೇ ಹೇಳಿದ್ದರು. ಸುಲಭವಾಗಿ ಸಿಗುವ ರಕ್ತ ಎಂದು ನನ್ನ ಗಂಡ ನಿಶ್ಚಿಂತೆಯಿಂದ ಕಾಫಿ ಕುಡಿಯಲು ಹೋದರು.

ಒಂದು ಬಾಟಲಿಯೂ ಹೊಂದಲಿಲ್ಲ.

ಯಾವ ಪಾಸಿಟಿವ್ ರಕ್ತ ತಂದು ನನ್ನದರ ಜೊತೆ ಬೆರೆಸಿ ಕ್ರಾಸ್‌ಮ್ಯಾಚ್ ಮಾಡಿದರೂ ಗಂಟುಗಟ್ಟುತ್ತಿತ್ತಂತೆ. ಕೊನೆಗೆ ಓ ನೆಗೆಟಿವ್ ಹುಡುಕಿ ತಂದು ಏರಿಸಿದರು. ನನ್ನ ರಕ್ತದಲ್ಲಿ ಆಂಟಿ-ಡಿ ಎಂಬ ಆಂಟಿಬಾಡಿ ಇತ್ತು. ಅದು ನೆಗೆಟಿವ್ ಗುಂಪಿನ ತಾಯಂದಿರಲ್ಲಿ, ಪಾಸಿಟಿವ್ ಮಗುವನ್ನು ಹೆತ್ತ ಮೇಲೆ ಹುಟ್ಟಿಕೊಳ್ಳುವಂಥದ್ದು. ತಡೆಯಲು ಇಂಜೆಕ್ಷನ್ ಇದೆ. ಪಾಸಿಟಿವ್ ಎನಿಸಿಕೊಂಡ ನನಗೆ ಅದನ್ನು ಕೊಡುವ ಕಾರಣವೇ ಯಾರಿಗೂ ಕಂಡಿರಲಿಲ್ಲ. ಈಗ ಕೊಟ್ಟರೆ ಉಪಯೋಗವಿಲ್ಲ.

ಆ ಆಂಟಿಬಾಡಿ ಹೊಟ್ಟೆಯೊಳಗಿನ ಮಗುವಿನ ರಕ್ತವನ್ನು ಒಡೆಯಬಹುದು ಎಂದರು.

ಸ್ಯಾಂಪಲ್ ಅದಲುಬದಲಾಗಿರಬೇಕೆಂದು ಮತ್ತೆ ಮತ್ತೆ ತೆಗೆದರು. ಪ್ರತಿ ಸಲವೂ ಪಾಸಿಟಿವ್. ಪ್ರತಿ ಸಲವೂ ಆಂಟಿಬಾಡಿ. ಅಷ್ಟರಲ್ಲಿ ಸೀಮಂತವೂ ಮುಗಿದು ಎರಡು ಕೈಗೂ ಮೊಳಕೈವರೆಗೆ ಹಸಿರು ಬಳೆ ತೊಡಿಸಿದ್ದರು. ಹತ್ತಿರದ ಮಧುರೆ ಊರಿಂದ ಬಂದು ನನ್ನ ಜೊತೆಗಿದ್ದ ನಮ್ಮ ಅತ್ತೆ, ಸೂಜಿ ಚುಚ್ಚುವಾಗ ಒಂದು ಬಳೆಯೂ ಒಡೆಯದಂತೆ ಅವನ್ನು ಒಂದೊಂದಾಗಿ ಕೆಳಕ್ಕೆ ಸರಿಸಿ ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಲ್ಯಾಬಿನ ಹುಡುಗಿ ಸೂಜಿ ಹಿಡಿದು ಕಾಯುತ್ತಿದ್ದಳು. ಕೊನೆಗೆ ನನ್ನ ರಕ್ತ ಬೆಂಗಳೂರಿಗೆ, ಜೀನ್ ಟೆಸ್ಟ್‌ಗೆ ಹೋಯಿತು. ಬಂದ ಉತ್ತರ, ಪಾರ್ಷಿಯಲ್ ಡಿ. ರಕ್ತವನ್ನು ಪಾಸಿಟಿವ್ ಮಾಡುವ ಡಿ ಎಂಬ ಅಂಶ ನನ್ನಲ್ಲಿ ಅರೆಬರೆ.

ಡಾಕ್ಟರು ಬಂದರೆ ನಾನು ಎದ್ದು ನಿಲ್ಲುತ್ತೇನೆ. ಕಾನ್ವೆಂಟಿನ ಅಭ್ಯಾಸ, ಆ ಹೊಟ್ಟೆ ಹೊತ್ತೂ ಬಿಟ್ಟಿರಲಿಲ್ಲ. ಅವರು ಕೂರಿಸಿ, ನನ್ನ ಮಡಿಲಲ್ಲಿದ್ದ ಬದಲಿ ಸೀರೆಯನ್ನು ತೋರಿಸಿದರು.

"ಇದು ಮಡಿಸಿಟ್ಟ ಸೀರೆ ಥರ. ನಾವು ಮಾಡೋ ಟೆಸ್ಟಿಗೆ ಅಂಚು ಮಾತ್ರ ಕಾಣುತ್ತೆ. ಅಂಚಿದೆ, ಅಂದ್ರೆ ಪಾಸಿಟಿವ್. ಒಳಗೆ ಒಂದಷ್ಟು ನೇಯ್ಗೆನೇ ಇಲ್ಲ ಅನ್ನೋದು ಜೀನ್ ನೋಡಿದ್ರೇ ಗೊತ್ತಾಗೋದು. ನಿಮ್ಮಲ್ಲಿ ಇಲ್ಲದ ಆ ಭಾಗ ಮೊದಲ ಮಗೂಲಿತ್ತು. ನಿಮ್ಮ ಮೈ ಅದನ್ನ ಹೊರಗಿನದು ಅಂದ್ಕೊಂಡ್ಬಿಡ್ತು."

ನಮ್ಮತ್ತೆ ಕೇಳಿದರು, "ಹಂಗಾದ್ರೆ ಮೊದಲ್ನೇ ಸಲಾನೇ ಬಿಚ್ಚಿ ನೋಡ್ಬೇಕಿತ್ತಲ್ಲವ್ವ?"

ಡಾಕ್ಟರು ಸೀರೆಯ ಅಂಚಿನ ಮೇಲೆ ಬೆರಳಾಡಿಸಿದರು. "ಅಂಚು ಅಷ್ಟು ಚೆನ್ನಾಗಿ ಕಂಡಿತ್ತಮ್ಮ. ಬಿಚ್ಚಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ."

ಬಯ್ಯಲು ಯಾರಾದರೂ ಸಿಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಸಿಗಲಿಲ್ಲ.

ಆಮೇಲೆ ವಾರವಾರವೂ ಬೆಂಗಳೂರಿಗೆ, ಡಾಪ್ಲರ್ ಸ್ಕ್ಯಾನ್‌ಗೆ. ಮಗುವಿನ ತಲೆಯಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ನೋಡುತ್ತಾರೆ. ವೇಗ ಹೆಚ್ಚಿದರೆ ರಕ್ತ ತೆಳುವಾಗಿದೆ ಎಂದು ಅರ್ಥ. ನಾನು ಪರದೆ ನೋಡುತ್ತಿರಲಿಲ್ಲ, ನೋಡುವವರ ಹುಬ್ಬು ನೋಡುತ್ತಿದ್ದೆ. ಮನೆಗೆ ಬಂದರೆ ಮಗಳು ನನ್ನ ಸೆರಗು ಹಿಡಿದು ಓಡಾಡುತ್ತಿದ್ದಳು. ಇವಳಿಂದಲೇ ಇದೆಲ್ಲ ಶುರುವಾಯಿತೆಂಬ ಯೋಚನೆ ಒಮ್ಮೆ ಬಂದು, ಅವಳಿಗೆ ಜಡೆ ಹೆಣೆಯುವಾಗ ನಾಚಿಕೆಯಾಗಿ ಹೋಯಿತು.

ದಿನ ತುಂಬುವ ಮೊದಲೇ ಸ್ಕ್ಯಾನ್ ನೋಡುವವರ ಹುಬ್ಬು ಗಂಟಿಕ್ಕಿತು. ಹೆರಿಗೆ ಮಾಡಿಸಿದರು. ಗಂಡುಮಗು. ಸಂಜೆಯೊಳಗೆ ಅರಿಶಿನ ಬಳಿದಂತೆ ಹಳದಿ. ಕಣ್ಣಿಗೆ ಪಟ್ಟಿ ಕಟ್ಟಿ ಫೋಟೋಥೆರಪಿಯ ನೀಲಿ ಬೆಳಕಿನಡಿ ಮಲಗಿಸಿದರು. ರಕ್ತ ಬದಲಾಯಿಸಬೇಕಾದೀತೆಂದು ನೆಗೆಟಿವ್ ಬಾಟಲಿಯನ್ನೂ ಸಿದ್ಧ ಇಟ್ಟಿದ್ದರು. ಅವನು ಹಾಲಿಗೂ ಏಳುತ್ತಿರಲಿಲ್ಲ. ಅಂಗಾಲು ಉಜ್ಜಿದರೆ ಒಂದೆರಡು ಗುಟುಕು, ಮತ್ತೆ ನಿದ್ದೆ. ಬಾಟಲಿ ಬೇಕಾಗಲಿಲ್ಲ. ಹಳದಿ ನಿಧಾನವಾಗಿ ಇಳಿಯಿತು, ಮುಖದ್ದು ಎಲ್ಲಕ್ಕಿಂತ ಕೊನೆಗೆ.

ಈಗ ಮನೆಯಲ್ಲಿದ್ದೇವೆ. ನನ್ನಿಂದ ಹೋದ ಆಂಟಿಬಾಡಿ ಅವನ ಮೈಯಲ್ಲಿ ಇನ್ನೂ ಕೆಲವು ವಾರ ಇರುತ್ತದಂತೆ, ಹಾಗಾಗಿ ರಕ್ತ ಪರೀಕ್ಷೆ ಮುಗಿದಿಲ್ಲ. ಇನ್ನೊಂದು ಮಗು ಬೇಡವೆಂದು ನಾನೂ ನನ್ನ ಗಂಡನೂ ಹೆಚ್ಚು ಮಾತಿಲ್ಲದೆ ತೀರ್ಮಾನಿಸಿದ್ದೇವೆ. ನನಗೆ ಸುಸ್ತು. ಮಧ್ಯಾಹ್ನ ಸ್ವಲ್ಪ ಒರಗೋಣವೆಂದರೆ, ಹಾಲಿಗೂ ಏಳದಿದ್ದ ಅವನು ಈಗ ಹಸಿವಿಗೆ ಮುಷ್ಟಿ ಕಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಾನೆ. ಅತ್ತೆ ತೊಟ್ಟಿಲು ತೂಗಲು ಬರುತ್ತಾರೆ. ಬೇಡ ಎನ್ನುತ್ತೇನೆ. ಒಂದು ನಿಮಿಷ ಹಾಗೇ ಕೇಳಿಸಿಕೊಂಡು, ಆಮೇಲೆ ಎತ್ತಿಕೊಳ್ಳುತ್ತೇನೆ.